ಗೇಟಿನ ಮೇಲಿನ ರಾಜ್ಯಶ್ರೀ

ಬಡ ಮಕ್ಕಳ ನೆರವಿನ ಹಣ ಹಂಚುವ ಶಿಕ್ಷಣಾಧಿಕಾರಿಗಳಿಗೆ,

ಮಾನ್ಯರೇ,

ಈ ಕಥೆಯನ್ನು ಮೊದಲು ಹೇಳಿದವರು ನಮ್ಮ ಸಂಘದವರೇ ಆದ ಹೇಮಾಕ್ಷಿ. ಭೀಮುನಿಪಟ್ಟಣದ ಆಚೆ ಒಂದು ಮೀನುಗಾರರ ಊರಿನ ಶಾಲೆಯಲ್ಲಿ ಸಂಜೆ ಗಣಿತ ಹೇಳಿಕೊಡುವವರು. ಹೇಳಿದ್ದು ಈ ಯುಗಾದಿಯ ಸಂಜೆ, ವಿಶಾಖಪಟ್ಟಣದ ನಮ್ಮ ಕನ್ನಡ ಸಂಘದ ಸಭಾಂಗಣದಲ್ಲಿ. ತಕರಾರು ಮೊದಲೇ ಹೇಳಿಬಿಡುತ್ತೇನೆ: ಬಡ ಮಕ್ಕಳ ಓದಿಗೆ, ನೆಮ್ಮದಿಗೆ ಎಂದು ನೀವು ಕೊಡುವ ಹಣ ಅವರ ನೆಮ್ಮದಿಯನ್ನೇ ಕಿತ್ತುಕೊಳ್ಳುತ್ತಿದೆ.

ಆ ಹಣದಿಂದ ಸಂಜೆಯ ಪಾಠ ನಡೆಯುತ್ತದೆ, ಪಾಠಕ್ಕೆ ಮೊದಲು ಬೇಯಿಸಿದ ಕಡಲೆ ಸಿಗುತ್ತದೆ, ಮಕ್ಕಳ ಮನಸ್ಸಿನ ಕಷ್ಟ ಕೇಳಲು ವಾರಕ್ಕೊಮ್ಮೆ ಒಬ್ಬರು ಬರುತ್ತಾರೆ. ಒಳ್ಳೆಯದೇ. ಆದರೆ ಮುಂದಿನ ಕಂತು ಬರಬೇಕಾದರೆ ಪ್ರತಿ ಮಗುವೂ ‘ಬಡ ವಿದ್ಯಾರ್ಥಿ ನೆರವು’ ಎಂಬ ಹಲಗೆ ಹಿಡಿದು ಫೋಟೋಗೆ ನಿಲ್ಲಬೇಕು, ಆ ಫೋಟೋಗಳ ಫ್ಲೆಕ್ಸ್ ಶಾಲೆಯ ಗೇಟಿಗೆ ಏರಬೇಕು. ಹಣ ಎಲ್ಲಿ ಹೋಯಿತೆಂದು ಜನರಿಗೆ ತಿಳಿಯಬೇಕಲ್ಲ! ತಮ್ಮ ಸಂಬಳವೂ ಜನರ ಹಣವೇ. ತಾವು ಯಾವ ಗೇಟಿನ ಮೇಲೆ ಹಲಗೆ ಹಿಡಿದು ನಿಂತಿದ್ದೀರಿ?

ಎಂಟನೇ ತರಗತಿಯ ರಾಜ್ಯಶ್ರೀ ಆ ಫ್ಲೆಕ್ಸಿನ ನಟ್ಟನಡುವೆ ಇದ್ದಾಳೆ. ಗೇಟಿನ ಎದುರೇ ಅವಳ ತಾಯಿ ಮೀನು ಮಾರುವ ಜಾಗ. “ಏಮ್ಮಾ, ಮಗಳು ಹೀರೋಯಿನ್ ಆಗಿಬಿಟ್ಟಳಲ್ಲ, ಇಷ್ಟು ದೊಡ್ಡ ಪೋಸ್ಟರ್! ಗೌರ್ಮೆಂಟೇ ಸಾಕ್ತಿರೋವಾಗ ಮೀನಿಗೆ ಇಷ್ಟು ರೇಟ್ ಯಾಕೆ?” ಎಂದು ಗಿರಾಕಿಯೊಬ್ಬಳು ನಕ್ಕಳು. ಬುಟ್ಟಿಯ ಪಕ್ಕದಲ್ಲೇ ಕೂತಿದ್ದ ಹುಡುಗಿ ಮರುದಿನದಿಂದ ಶಾಲೆಗೆ ಬರಲಿಲ್ಲ. ಹೇಮಾಕ್ಷಿ ಮನೆಗೆ ಹೋದರೆ, “ಲೆಕ್ಕ ಬರದಿದ್ರೂ ಪರವಾಗಿಲ್ಲ ಟೀಚರ್‌ಗಾರು, ಆ ಗೇಟು ದಾಟಲ್ಲ” ಎಂದಳಂತೆ.

ಹಳೆಯ ಫ್ಲೆಕ್ಸ್ ಆ ಊರಿನಲ್ಲಿ ದೋಣಿಗೂ ಬಲೆಗೂ ಹೊದಿಕೆಯಾಗುವುದು ರೂಢಿ. ತಾಯಿ ಅದನ್ನೇ ನೆಪ ಮಾಡಿಕೊಂಡು, “ಬಿಸಿಲು ಜಾಸ್ತಿ ಸಾರ್, ಆ ಫ್ಲೆಕ್ಸ್ ಕೊಡಿ, ಮೀನಿಗೆ ನೆರಳು ಮಾಡ್ಕೋತೀನಿ” ಎಂದು ಹೆಡ್‌ಮಾಸ್ಟರನ್ನು ಕೇಳಿದಳು. “ತಪಾಸಣೆ ಮುಗಿಯೋವರೆಗೂ ಮುಟ್ಟಬೇಡಮ್ಮಾ, ಕಂತು ನಿಂತುಹೋಗುತ್ತೆ” ಎಂದರು ಅವರು.

ಕಥೆ ಮುಗಿದಾಗ ನಾವ್ಯಾರೂ ತಲೆ ಎತ್ತಲಿಲ್ಲ. ಎತ್ತಿದರೆ ಗೋಡೆಯ ಮೇಲೆ ನಮ್ಮದೇ ಫ್ಲೆಕ್ಸ್: ಅದೇ ಶಾಲೆಗೆ ಸಂಘ ಬ್ಯಾಗು ಹಂಚಿದ ಚಿತ್ರ. ಮುಂದೆ ನಾವು, ಹಿಂದೆ ಮಕ್ಕಳು, ಆ ಮಕ್ಕಳಲ್ಲಿ ರಾಜ್ಯಶ್ರೀ.

“ನಮ್ದಕ್ಕೂ ಅದಕ್ಕೂ ವ್ಯತ್ಯಾಸ ಇದೆ ಕಣ್ರೀ” ಎಂದರು ಅಧ್ಯಕ್ಷ ಉಮಾಪತಿ.

“ಇದೆ ಸಾರ್. ನಮ್ದರಲ್ಲಿ ಕೊಟ್ಟವರ ಹೆಸರು ದಪ್ಪಕ್ಷರದಲ್ಲಿದೆ” ಎಂದರು ಹೇಮಾಕ್ಷಿ.



ಈ ಪತ್ರದ ತೆಲುಗು ಪ್ರತಿ ತಮ್ಮ ಮೇಜಿನ ಮೇಲಿದೆ. ಕನ್ನಡದಲ್ಲೂ ಅಚ್ಚು ಹಾಕಿಸುತ್ತಿರುವುದು, ನಾಚಿಕೆಯಲ್ಲಿ ನಮ್ಮ ಪಾಲು ನಮಗಿರಲಿ ಎಂದು. ಹಣ ನಿಲ್ಲಿಸಬೇಡಿ, ಹೆಚ್ಚಿಸಿ. ಪಾಠ ನಡೆಯುತ್ತಿದೆಯೋ ಇಲ್ಲವೋ ತಿಳಿಯಬೇಕಾದರೆ ಒಂದು ಸಂಜೆ ಬಂದು ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಮಗುವಿನ ಮುಖವನ್ನು ರಸೀದಿ ಮಾಡಬೇಡಿ. ಗೇಟಿನ ಆ ಫ್ಲೆಕ್ಸ್ ಇಳಿಸಿ.

ನಮ್ಮದನ್ನು ಮರುದಿನ ಬೆಳಿಗ್ಗೆ ಉಮಾಪತಿಯವರೇ ಏಣಿ ಹತ್ತಿ ಇಳಿಸಿದರು; ಏಣಿ ಹಿಡಿದವನು ನಾನು. ಸುತ್ತಿಕೊಂಡು ಹೋಗಿ ರಾಜ್ಯಶ್ರೀಯ ತಾಯಿಗೆ ಕೊಟ್ಟೆವು. ಅವಳು ನಮ್ಮ ಮುಖಗಳೆಲ್ಲ ಆಕಾಶದ ಕಡೆಗಿರುವಂತೆ ಅದನ್ನು ಕಟ್ಟಿದಳು. ಮೀನಿಗೆ ನೆರಳಾಯಿತು. ಎದುರಿಗೆ ಗೇಟಿನ ಮೇಲೆ ರಾಜ್ಯಶ್ರೀ ಹಲಗೆ ಹಿಡಿದು ನಿಂತೇ ಇದ್ದಳು. ಗೇಟಿನ ಒಳಗೆ ಅವಳ ಜಾಗ ಖಾಲಿ.

ಇಂತಿ,
ಸಂಘದ ಆ ಫ್ಲೆಕ್ಸಿನಲ್ಲಿ ಎಡದಿಂದ ಎರಡನೆಯವನು,
ಜಯರಾಮ