ಖಾಲಿ ಸಾಲುಗಳು

ಮಾರ್ಚ್ ೧೪, ಶುಕ್ರವಾರ
ಆಫೀಸಿನಿಂದ, ಉಳಿದವರು ಊಟಕ್ಕೆ ಹೋಗಿದ್ದಾರೆ

ಪ್ರೀತಿಯ ಅಕ್ಕ,

ನಾವೆಲ್ಲ ಮೇಷ್ಟ್ರು ಎನ್ನುತ್ತಿದ್ದ ನಿಮ್ಮ ಯಜಮಾನರದು ಇಲ್ಲಿ ಏನಾದರೂ ಉಳಿದಿದೆಯೇ ಎಂದು ಕೇಳಿದ್ದಿರಿ. ಸ್ವೆಟರ್ ನನ್ನ ಡ್ರಾಯರಿನಲ್ಲಿದೆ. ಒಗೆಸಿಲ್ಲ.

ಇನ್ನೊಂದಿದೆ. ನಮ್ಮ ಕಂಪ್ಯೂಟರ್ ಪ್ರೋಗ್ರಾಮಿನ ಹಲವು ಪ್ರತಿಗಳನ್ನು ಸಂಭಾಳಿಸಲು ಅವರು ಸಣ್ಣ ಸಣ್ಣ ಸ್ಕ್ರಿಪ್ಟ್‌ಗಳನ್ನು, ಅಂದರೆ ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಪಟ್ಟಿಗಳನ್ನು, ಬರೆದುಕೊಟ್ಟಿದ್ದರು. ಒಂದು ಪದ ಟೈಪ್ ಮಾಡಿದರೆ ಕೆಲಸ ಮುಗಿಯುತ್ತದೆ. ಅವುಗಳಲ್ಲೊಂದು ಕಸ ಗುಡಿಸುವುದು. ಅರ್ಧಕ್ಕೆ ಬಿಟ್ಟ ಕೆಲಸವನ್ನು ಮೂರು ತಿಂಗಳು ಯಾರೂ ಮುಟ್ಟದಿದ್ದರೆ ಅದು ಪರದೆಯ ಮೇಲೆ ಅವರದೇ ಧಾಟಿಯಲ್ಲಿ ಕೇಳುತ್ತದೆ: “ಇದನ್ನ ಯಾರೂ ತಿರುಗಿ ನೋಡಿಲ್ಲ ಸ್ವಾಮಿ, ಬಿಸಾಕ್ಲಾ?” ಹೌದು ಎಂದರೆ ಅಳಿಸಿಹಾಕಿ, “ಆಯ್ತು, ಮನೆಗ್ ಹೋಗಿ ಊಟ ಮಾಡಿ” ಎನ್ನುತ್ತದೆ.

ನಿನ್ನೆ ಅದು ಮೇಷ್ಟ್ರು ಮುಗಿಸದೆ ಹೋದ ಕೊನೆಯ ಸ್ಕ್ರಿಪ್ಟನ್ನೇ ತೋರಿಸಿ ನನ್ನನ್ನು ಕೇಳಿತು. ಒಂದು ಖಾಲಿ ಸಾಲು ಸೇರಿಸಿದರೂ ಮುಟ್ಟಿದ ಲೆಕ್ಕ, ಮತ್ತೆ ಮೂರು ತಿಂಗಳು ಕೇಳುವುದಿಲ್ಲ. ಸೇರಿಸೋಣವೆಂದು ಫೈಲು ತೆರೆದೆ. ಕೊನೆಯಲ್ಲಿ ಆಗಲೇ ಖಾಲಿ ಸಾಲುಗಳಿದ್ದವು. ಬದಲಾವಣೆಗಳ ದಾಖಲೆ ನೋಡಿದರೆ, ಒಂದೊಂದನ್ನೂ ಒಬ್ಬೊಬ್ಬರು ಸೇರಿಸಿದ್ದರು, ನಮ್ಮ ಸಿಡುಕು ಮ್ಯಾನೇಜರ್ ಕೂಡ. ಯಾರೂ ಯಾರಿಗೂ ಹೇಳಿರಲಿಲ್ಲ. ಕೆಲಸ ಮಾತ್ರ ಒಂದಕ್ಷರವೂ ಮುಂದೆ ಹೋಗಿಲ್ಲ.

ಅವರಿದ್ದಾಗ ಒಮ್ಮೆ ಅವರ ಹಳೆಯ ಸ್ಕ್ರಿಪ್ಟೊಂದನ್ನು ಅಳಿಸಲು ಹಿಂಜರಿದಿದ್ದೆ. “ನಂದಾದ್ರೇನು, ಕಸ ಕಸವೇ ಕಣಮ್ಮ. ಮುಲಾಜು ನೋಡ್ಬೇಡ” ಎಂದು ಗದರಿದ್ದರು.

ಅದಕ್ಕೇ ಸಾಲು ಸೇರಿಸದೆ ಫೈಲು ಮುಚ್ಚಿದೆ. ಸಾಧ್ಯವಾದರೆ ಸೋಮವಾರ ಬೆಳಿಗ್ಗೆ ಬನ್ನಿ, ಸ್ವೆಟರ್ ತೆಗೆದುಕೊಂಡು ಹೋದ ಹಾಗೂ ಆಗುತ್ತದೆ. ಆಗ ಕಸ ಗುಡಿಸುವುದನ್ನು ಓಡಿಸುತ್ತೇನೆ, ಅದು ಮತ್ತೆ ಕೇಳುತ್ತದೆ. ನಿಮ್ಮೆದುರೇ ಹೌದು ಎನ್ನಬೇಕೆಂದು ತೀರ್ಮಾನಿಸಿದ್ದೇನೆ.

ಇತಿ,
ಅವರ ಪಕ್ಕದ ಮೇಜಿನವಳು