ಅಂಗಳದ ಫರಸಿ ಒಡದಾಕಿ ನಾನ

ಮುದ್ದೇಬಿಹಾಳ

ಮನಿ ಮಾಲಕರು ಮಲಕಾಜಪ್ಪ ಕಾಕಾರಿಗೆ ಮ್ಯಾಲಿನ ಖೋಲ್ಯಾಗ ಹಾಡು ರೆಕಾರ್ಡ್ ಮಾಡೂ ನಿಷತಳ ಸಲಾಮ್.

ರೆಕಾರ್ಡಿಂಗಿನ್ಯಾಗ ಗುಂಯ್ ಅಂತೈತಿ, ನಿನ್ನ ಮಶೀನ್ ಗುಜರಿ ಅದಾವ, ಸ್ಟುಡಿಯೋ ಖಾಲಿ ಮಾಡು ಅಂದ್ರಿ. ಒಂದೊಂದ ವೈರ್ ಬಿಚ್ಚಿ ನೋಡೇನಿ. ಮೈಕ್, ಮಿಕ್ಸರ್ ಎಲ್ಲಾ ಛಲೋ ಅದಾವ. ಹ್ವಾದ ವರ್ಷ ಅಂಗಳಕ್ಕ ಫರಸಿ ಕಲ್ಲು ಹಾಕಸೂಮುಂದ ನೀವು ಕರೆಂಟಿನ ಅರ್ಥಿಂಗ್ ತಗ್ಗು ಮುಚ್ಚಿಸಿದ್ರಿ. ನೀರು ಇಳಿಯದ ಮಣ್ಣು ಒಣಗೈತಿ; ಒಣಾ ಮಣ್ಣಾಗ ಅರ್ಥಿಂಗ್ ಕೆಲಸ ಮಾಡೂದಿಲ್ರಿ, ಅದರಿಂದನ ಈ ಗುಂಯ್. ಹೇಳಿದ್ರ ನಕ್ರಿ. ಅದಕ್ಕ ನಾನ ಫರಸಿ ಒಡದು, ಉಪ್ಪು ಸುರುವಿ, ಕೊಡಗಟ್ಟಲೆ ನೀರು ಹಾಕೇನಿ. ಗುಂಯ್ ಅನ್ನೂದು ನಿಂತೈತಿ. ಮತ್ತ ಫರಸಿ ಹಾಕಸಬ್ಯಾಡ್ರಿ.

ಇವತ್ತ ಲಚ್ಯಾಣದ ಹನಮವ್ವಾಯಿ ಬೀಸೂಕಲ್ಲಿನ ಪದ ಹಾಡಿದ್ಳು. ನಡುವ ಕೆಳಗಿಂದ ನಿಮ್ಮ ಧ್ವನಿನೂ ರೆಕಾರ್ಡ್ ಆಗೈತಿ: "ಹೆಣ್ಣಮಕ್ಕಳಿಗೆ ವೈರ್ ಏನ ತಿಳೀತಾವ?"

ನಾ ಖಾಲಿ ಮಾಡೂದಿಲ್ಲ. ಬಂದು ಕೇಳ್ರಿ ಕಾಕಾ, ನಿಮ್ಮ ಒಂದೊಂದ ಅಕ್ಷರ ಸ್ವಚ್ಛ ಬಂದೈತಿ.

ನಿಷತ