ಡಬ್ಬಿಯೊಳಗಿನ ಕೆಂಪು ಗುಂಡಿ

ಗುರುವಾರ ಕಳೆದು ಶುಕ್ರವಾರ ಹುಟ್ಟಿದ ಹೊತ್ತು

ಪ್ರೀತಿಯ ಅಕ್ಕಾ,

ಈಗ ಎರಡೂ ಕಾಲು. ಇವರ ಫೋನು ಮಂಚದ ಕೆಳಗೆ ನೆಲದ ಮೇಲೆ ಗುರ್ ಗುರ್ ಎಂದು ನಡುಗಿದ ಸದ್ದಿಗೆ ಎಚ್ಚರವಾಯಿತು. ಆಫೀಸಿನ ಸರ್ವರ್ ನಿಂತುಹೋದರೆ ಅದು ಹಾಗೆ ಬಡಿದುಕೊಳ್ಳುತ್ತದೆ. ಇವರು ಎದ್ದು, ಕಣ್ಣು ಪೂರ್ತಿ ಬಿಡದೆಯೇ ಏನೇನೋ ಒತ್ತಿ ಸರಿಮಾಡಿ, ಮತ್ತೆ ಗೊರಕೆ ಶುರುಮಾಡಿದರು. ನನ್ನ ನಿದ್ದೆ ಅಲ್ಲಿಗೆ ಮುಗಿಯಿತು. ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನ ಎರಡು ಮೇಲ್‌ಗೂ ಉತ್ತರ ಬಾಕಿ ಇದೆ, ಬೈಯಬೇಡ. ನಿನಗೆ ಈ ವಾರ ರಾತ್ರಿ ಡ್ಯೂಟಿ. ವಾರ್ಡು ತಣ್ಣಗಾದ ಮೇಲೆ ಟೀ ಕುಡಿಯುತ್ತಾ ಫೋನು ನೋಡುತ್ತೀಯಲ್ಲ, ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಮೊದಲು ಸಮಾಚಾರ. ಮಗಳು ಚೆನ್ನಾಗಿದ್ದಾಳೆ. ಬೋರಲಾಗುತ್ತಾಳೆ, ಮತ್ತೆ ಅಂಗಾತವಾಗಲು ಬಾರದೆ ರಂಪ ಮಾಡುತ್ತಾಳೆ. ಹಗಲು ಅತ್ತೆ ನೋಡಿಕೊಳ್ಳುತ್ತಾರೆ. ನಾನು ಆಫೀಸಿಗೆ ಮರಳಿ ಎರಡು ತಿಂಗಳಾಯಿತು. ಆಫೀಸೆಂದರೆ ನೀನು ನೋಡಿದ್ದೇ, ದರ್ಜಿ ಅಂಗಡಿಯ ಮೇಲಿನ ಕೋಣೆ, ನಾವು ಆರು ಜನ, ಹಲ್ಲಿನ ಡಾಕ್ಟರರಿಗೆ ಅಪಾಯಿಂಟ್‌ಮೆಂಟ್ ಹಿಡಿದುಕೊಡುವ ಆ್ಯಪು. ಎರಡು ವಾರಕ್ಕೊಂದು ಸ್ಪ್ರಿಂಟ್, ಅಂದರೆ ಅಷ್ಟರೊಳಗೆ ಒಪ್ಪಿಕೊಂಡ ಕೆಲಸ ಮುಗಿಯಲೇಬೇಕು. ದಿನಾ ಬೆಳಗ್ಗೆ ಹತ್ತಕ್ಕೆ ಗೋಡೆಯ ಮುಂದೆ ಸಾಲಾಗಿ ನಿಂತು ಒಪ್ಪಿಸಬೇಕು: ನಿನ್ನೆ ಏನಾಯಿತು, ಇವತ್ತು ಏನು, ಅಡ್ಡಿ ಏನು. ಮೊನ್ನೆ ಮಗುವಿಗೆ ಹಾಲೂಡಿಸುತ್ತಿದ್ದೆ. ಇವರು ಬಾಗಿಲಲ್ಲಿ ನಿಂತು, "ಏನಾದ್ರೂ ಅಡ್ಡಿ ಇದೆಯಾ ಮೇಡಂ?" ಅಂದರು. ತಮಾಷೆಗೆ. ನಾನೂ ನಕ್ಕೆ. ಗಂಡನ ಮೇಲೆ ದೂರಿದ್ದರೆ ಆಫೀಸಿನಲ್ಲಿ ಯಾರಿಗಾದರೂ ಹೇಳಿಕೊಳ್ಳಬಹುದು, ಮಾಲೀಕನ ಮೇಲೆ ದೂರಿದ್ದರೆ ಮನೆಯಲ್ಲಿ. ನನ್ನ ಪಾಲಿಗೆ ಇಬ್ಬರೂ ಒಂದೇ ಚಪ್ಪಲಿ ಮೆಟ್ಟುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ನೆಮ್ಮದಿಯಾಗಿರುವವರ ಕೈಯಲ್ಲಿ ಕೆಲಸ ಎರಡರಷ್ಟು ಸಾಗುತ್ತದೆ ಎಂದು ಇವರು ಎಲ್ಲೋ ಓದಿಕೊಂಡು ಬಂದರು. ದರ್ಜಿಯ ಹತ್ತಿರದಿಂದ ಹಸಿರು, ಹಳದಿ, ಕೆಂಪು ಗುಂಡಿಗಳನ್ನು ತಂದು ಬಾಗಿಲ ಪಕ್ಕ ಇಟ್ಟರು. ಜೊತೆಗೆ ಒಂದು ತಗಡಿನ ಡಬ್ಬಿ. ಸಂಜೆ ಹೊರಡುವಾಗ 'ನೀವು ಹೇಗಿದ್ದೀರಿ?' ಎಂಬುದಕ್ಕೆ ಉತ್ತರವಾಗಿ ಮುಷ್ಟಿಯಲ್ಲಿ ಮುಚ್ಚಿ ಒಂದು ಗುಂಡಿ ಹಾಕಬೇಕು. ಚೆನ್ನಾಗಿದ್ದರೆ ಹಸಿರು, ಹೇಗೋ ನಡೆದಿದ್ದರೆ ಹಳದಿ, ಇನ್ನು ಆಗುವುದಿಲ್ಲ ಎನ್ನಿಸಿದರೆ ಕೆಂಪು. ಹೆಸರಿಲ್ಲ, ಕೇಳುವವರಿಲ್ಲ.

ಅಕ್ಕಾ, ಡಬ್ಬಿಯಲ್ಲಿ ದಿನಾ ಒಂದು ಕೆಂಪು ಬೀಳುತ್ತಿತ್ತು. ಹಾಕುತ್ತಿದ್ದವಳು ನಾನು.

ಇವರಿಗೆ ಅದು ಅನ್ನದಲ್ಲಿ ಸಿಕ್ಕ ಕಲ್ಲಾಯಿತು. ಸೋಮವಾರ ಬಂಡವಾಳ ಹಾಕುವವರು ಬರುತ್ತಾರೆ. ಇವರು ದಿನಾ ಗುಂಡಿ ಎಣಿಸಿ ಗೋಡೆಯ ಮೇಲೆ ಬರೆಯುವ ನೆಮ್ಮದಿಯ ನಕ್ಷೆ ನೋಡುತ್ತಾರೆ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ, "ಗೊತ್ತಾಯ್ತು ಕಣೇ ಯಾರು ಅಂತ" ಅಂದರು.



"ಯಾರು?"

"ಮೌನಿ. ಇನ್ಯಾರು?"

ಮೌನಿ ನಮ್ಮ ಟೆಸ್ಟರು. ಉಳಿದವರು ಬರೆದುದರಲ್ಲಿ ತಪ್ಪು ಹುಡುಕುವುದೇ ಅವನ ಕೆಲಸವಾದ್ದರಿಂದ ಯಾರಿಗೂ ಅವನು ಬೇಡ. ಮಾತಿಲ್ಲ, ಸದಾ ಹರಳೆಣ್ಣೆ ಕುಡಿದ ಮುಖ.

"ಮುಖ ನೋಡಿ ಹೇಳ್ತೀರಾ?" ಅಂದೆ.

"ಲೆಕ್ಕ ನೋಡಿ ಹೇಳ್ತೀನಿ. ಇಷ್ಟು ದಿನದಲ್ಲಿ ಕೆಂಪು ಬೀಳದೇ ಇದ್ದದ್ದು ಒಂದೇ ದಿನ, ಹೋದ ಬುಧವಾರ. ಅವತ್ತು ರಜೆ ಇದ್ದವನು ಅವನೊಬ್ಬನೇ."

"ಬುಧವಾರ ನಾನೂ ಇರಲಿಲ್ಲವಲ್ಲ ರೀ. ಪಾಪುಗೆ ಇಂಜೆಕ್ಷನ್ ಹಾಕಿಸೋಕೆ ಹೋಗಿದ್ದೆ."

"ಅಯ್ಯೋ, ನಿನ್ನನ್ನ ಯಾಕೆ ಅದರಲ್ಲಿ ಸೇರಿಸ್ಕೋತೀಯ? ನೀನು ಮನೆಯವಳು."

"ಒಂದು ವೇಳೆ ನಾನೇ ಆಗಿದ್ರೆ?"

ಇವರು ಜೋರಾಗಿ ನಕ್ಕರು. "ನಿನಗೇನು ಕಡಿಮೆ ಆಗಿದೆ ಮಾರಾಯ್ತಿ? ನಾನಿದ್ದೀನಿ, ಅಮ್ಮ ಇದ್ದಾರೆ, ಕೂಸು ಬೆಣ್ಣೆಮುದ್ದೆ ಹಾಗಿದೆ." ಆಮೇಲೆ ಮುಖ ಗಂಭೀರ ಮಾಡಿಕೊಂಡು, "ಹಾಲು ಕೆಡೋಕೆ ಒಂದು ತೊಟ್ಟು ಹುಳಿ ಸಾಕು. ನಾಳೆ ಎಲ್ಲರೂ ಬರೋದಕ್ಕೆ ಮುಂಚೆ ಅವನನ್ನ ಕೂರಿಸಿ, ಕೆಲಸ ಬಿಡು ಅಂತ ಹೇಳಿ ಕಳಿಸಿಬಿಡ್ತೀನಿ" ಅಂದರು. ಅತ್ತೆ ಹುಳಿ ಎಂದದ್ದನ್ನಷ್ಟೇ ಕೇಳಿಸಿಕೊಂಡು, "ಹಾಲೂಡಿಸೋಳು ಹುಳಿ ತಿನ್ನಬಾರದಮ್ಮ" ಅಂದರು. ಮಾತು ಅಲ್ಲಿಗೆ ನಿಂತಿತು.

ಮೌನಿಯ ಹೆಂಡತಿಗೆ ಈಗ ಎಂಟು ತಿಂಗಳು. ಹೋದ ವಾರ ಅವನು ನನ್ನ ಮೇಜಿನ ಬಳಿ ಬಂದು ನಿಂತು, ಗಂಟಲು ಸರಿಮಾಡಿಕೊಂಡು, "ಮೇಡಂ, ಮಗು ಮೊದಮೊದಲು ರಾತ್ರಿಯೆಲ್ಲ ಅಳುತ್ತಾ?" ಅಂತ ಕೇಳಿದ. ನಮ್ಮಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದು. "ಅಳುತ್ತೆ, ಹೆದರಬೇಡಿ" ಅಂದೆ. ನಾನು ಅಂದೆ, ಹೆದರಬೇಡಿ ಅಂತ.

ಇವರನ್ನು ಈಗಲೇ ಎಬ್ಬಿಸಿ ಹೇಳಬಹುದು. ಕೋಣೆಯವರೆಗೆ ಹೋಗಿ ಹೋಗಿ ವಾಪಸು ಬಂದೆ. ಹೇಳಿದರೆ, ಹೆಂಡತಿ ಬಾಯಿ ಬಿಟ್ಟು ಹೇಳದ್ದನ್ನು ತಗಡಿನ ಡಬ್ಬಿಗೆ ಹೇಳಿದಳು ಎಂದು ಇವರು ಸಾಯುವವರೆಗೂ ಮರೆಯುವುದಿಲ್ಲ. ಹೇಳದಿದ್ದರೆ ನನ್ನ ಗುಂಡಿಯಿಂದಾಗಿ ಆ ಬಡಪಾಯಿ ಹೊರಗೆ. ಯಾವ ಕಡೆ ತಿರುಗಿದರೂ ಗೋಡೆ. ಇವರು ಕೆಟ್ಟವರಲ್ಲ ಅಕ್ಕಾ, ನಿನಗೂ ಗೊತ್ತು. ಹತ್ತಿರ ಇಟ್ಟುಕೊಂಡದ್ದು ಇವರ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ನಿನ್ನ ಮಾತಿಗೆ ಬೆಲೆ ಕೊಡುತ್ತಾರೆ. ನಾನೇ ಹೇಳಲೋ, ನೀನು ಹೇಳುತ್ತೀಯೋ, ಯೋಚಿಸು.

ಭಾವನಿಗೆ ನಮಸ್ಕಾರ. ನಿನ್ನ ಎರಡು ಮರಿಗಳಿಗೆ ಮುತ್ತು. ದೇವರು ಅವಕ್ಕೆ ಒಳ್ಳೆಯ ನಿದ್ದೆ ಕೊಡಲಿ.

ನಿನ್ನ
ಪುಟ್ಟಿ

ಸಹಿ ಹಾಕಿದ ಮೇಲೆ: ಕೆಂಪು ಆಫೀಸಿನ ಮಾತಲ್ಲ. ಕೆಲಸ ನನಗೆ ಕಷ್ಟವೇ ಇಲ್ಲ, ಅಲ್ಲಿ ಕೂತಾಗ ಉಸಿರಾದರೂ ಆಡುತ್ತದೆ. ಹೆತ್ತ ಮೇಲೆ ಮನೆಗೆ ಬಂದವರೆಲ್ಲ ಮಗು ಹೇಗಿದೆ ಎಂದರು. ಡಾಕ್ಟರೂ, ಅತ್ತೆಯೂ, ಇವರೂ. ನೀನೂ, ಪ್ರತಿ ಸಲವೂ. ನೀನು ಹೇಗಿದ್ದೀಯ ಎಂದು ಕೇಳಿದ್ದು ಆ ಡಬ್ಬಿ ಒಂದೇ. ಅದಕ್ಕೇ ಅದಕ್ಕೆ ನಿಜ ಹೇಳಿದೆ. ನಿನ್ನೆ ಸಂಜೆ ಮಗಳು ಕೋಣೆಯಲ್ಲಿ ಅಳುತ್ತಿದ್ದಳು. ಅತ್ತೆ ಅಂಗಡಿಗೆ ಹೋಗಿದ್ದರು. ನಾನು ಬಾಗಿಲಾಚೆ ಚಿಲಕದ ಮೇಲೆ ಕೈ ಇಟ್ಟು ನಿಂತಿದ್ದೆ. ಅತ್ತೆ ಬರುವವರೆಗೂ ನಿಂತೇ ಇದ್ದೆ, ಒಳಗೆ ಹೋಗಲಿಲ್ಲ. ಹೋದರೆ ಏನು ಮಾಡಿಬಿಡುತ್ತೇನೋ ಎಂದು ನನಗೇ ನನ್ನ ಕೈ ಮೇಲೆ ನಂಬಿಕೆ ಇರಲಿಲ್ಲ. ಇದನ್ನು ಯಾರಿಗೂ ಹೇಳಿಲ್ಲ. ಅಕ್ಕಾ, ಇದನ್ನು ಓದಿದ ಕೂಡಲೇ ಫೋನ್ ಮಾಡು. ಬೆಳಗಾಗುವುದರೊಳಗೆ ಮಾಡು, ನಾನು ಎಚ್ಚರವಾಗಿಯೇ ಇರುತ್ತೇನೆ. ಮಾಡಿದಾಗ ಮಗುವಿನ ವಿಷಯ ಮಾತ್ರ ಮೊದಲು ಕೇಳಬೇಡ.